ಪಿಕಪ್ ಗಾಡಿ ‘ಗುಂಯ್’ ಅಂತ ಕೂಗುತ್ತಿದೆಯಾ? ಬಿಚ್ಚಿಸುವ ಮೊದಲು ಹೀಗೆ ಪತ್ತೆ ಹಚ್ಚಿ

ಮಂಡ್ಯ, ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಎಷ್ಟೋ ಮನೆಗಳ ದುಡಿಮೆ ನಿಂತಿರುವುದೇ ಪಿಕಪ್ ಮೇಲೆ. ಬೆಳಿಗ್ಗೆ ಎಳನೀರು, ಮಧ್ಯಾಹ್ನ ಆಲೆಮನೆಯಿಂದ ಬೆಲ್ಲ, ರಾತ್ರಿ ಮೈಸೂರಿನ ಬಂಡಿಪಾಳ್ಯ ಎಪಿಎಂಸಿಗೆ ತರಕಾರಿ. ಅಂಥ ಗಾಡಿ ಒಂದು ದಿನ 60ರ ವೇಗದಲ್ಲಿ ಗುಂಯ್ ಅಂತ ಕೂಗಲು ಶುರು ಮಾಡಿದರೆ ಮಾಲೀಕನಿಗೆ ನಿದ್ದೆ ಬರಲ್ಲ. ಒಬ್ಬರು ಬೇರಿಂಗ್ ಅನ್ನುತ್ತಾರೆ, ಇನ್ನೊಬ್ಬರು ಕ್ರೌನ್ (ಹಿಂದಿನ ಆಕ್ಸಲ್ ನಡುವಿನ ದೊಡ್ಡ ಗೇರ್) ಹೋಗಿದೆ ಅನ್ನುತ್ತಾರೆ, ಮೂರನೆಯವರು ಟೈರ್ ಬದಲಾಯಿಸಿ ಅನ್ನುತ್ತಾರೆ. ಎಲ್ಲವನ್ನೂ ಒಂದೊಂದಾಗಿ ಬದಲಾಯಿಸುತ್ತಾ ಹೋದರೆ ದುಡ್ಡು ಖಾಲಿಯಾಗುತ್ತದೆ, ಸದ್ದು ಹಾಗೇ ಉಳಿಯುತ್ತದೆ.

ಗಾಡಿಯಲ್ಲಿ ತಿರುಗುವ ಪ್ರತಿ ಭಾಗವೂ ಯಾವುದೋ ಒಂದಕ್ಕೆ ಕಟ್ಟುಬಿದ್ದಿರುತ್ತದೆ. ಕೆಲವು ಎಂಜಿನ್ ಜೊತೆ ತಿರುಗುತ್ತವೆ, ಕೆಲವು ಚಕ್ರದ ಜೊತೆ. ಕೆಲವು ಕ್ಲಚ್ ಒತ್ತಿದರೆ ನಿಲ್ಲುತ್ತವೆ, ಕೆಲವು ಸ್ಟೀರಿಂಗ್ ತಿರುಗಿಸಿದಾಗ ಮಾತ್ರ ಒದ್ದಾಡುತ್ತವೆ. ಕೂಗು ಯಾವುದರ ಜೊತೆ ಏರಿಳಿಯುತ್ತದೆ ಅನ್ನುವುದನ್ನು ಹಿಡಿದರೆ, ಒಂದು ಸ್ಪ್ಯಾನರ್ ಕೂಡ ಮುಟ್ಟದೆ ಅರ್ಧ ಕೆಲಸ ಮುಗಿದಂತೆ. ಈ ಬರಹದ ದೊಡ್ಡ ಭಾಗ ಇರುವುದು ಕೇಳಿಸಿಕೊಳ್ಳುವ ಬಗ್ಗೆಯೇ.

ಇಲ್ಲಿ ಹೇಳುವುದು ಹಿಂದಿನ ಚಕ್ರಕ್ಕೆ ಎಳೆತ ಹೋಗುವ, 5 ಗೇರಿನ ಡೀಸೆಲ್ ಪಿಕಪ್‌ಗಳಿಗೆ ಹೊಂದುತ್ತದೆ. ಬೊಲೆರೊ ಪಿಕಪ್, ಟಾಟಾ ಯೋಧ, ಅಶೋಕ್ ಲೇಲ್ಯಾಂಡ್ ದೋಸ್ತ್ ಇವೆಲ್ಲ ಆ ಜಾತಿಯವೇ. ಅಳತೆ, ಆಯಿಲ್ ಗ್ರೇಡ್ ವಿಷಯ ಬಂದಾಗ ನಿಮ್ಮ ಗಾಡಿಯ ಕೈಪಿಡಿ ಹೇಳಿದ್ದೇ ಕೊನೆ ಮಾತು.

ಮೊದಲು ಇದು ಯಾವ ಥರದ ಸದ್ದು?

ಕೂಗು ಅಂದರೆ ರಾಗದಂತೆ ಎಳೆದ ಒಂದೇ ಸ್ವರ. ವೇಗ ಹೆಚ್ಚಿದಂತೆ ಸ್ವರ ಮೇಲೇರುತ್ತದೆ. ಹಲ್ಲಿಗೆ ಹಲ್ಲು ಕೂಡುವ ಕಡೆ, ಅಂದರೆ ಗೇರ್‌ಬಾಕ್ಸ್, ಹೌಸಿಂಗ್‌ನಲ್ಲಿ (ಹಿಂದಿನ ಆಕ್ಸಲ್ ನಡುವೆ ಕ್ರೌನ್ ಇರುವ ಉಬ್ಬಿದ ಭಾಗ, ಡಿಫರೆನ್ಷಿಯಲ್) ಇದು ಹುಟ್ಟುತ್ತದೆ. ಪಂಪ್, ಡೈನಮೋ, ಟರ್ಬೊದಲ್ಲೂ ಹುಟ್ಟಬಹುದು. ‘ಗುರ್ರ್’ ಅಂತ ಒರಟಾಗಿ ಉರುಳುವ ಸದ್ದಾದರೆ ಚಕ್ರದ ಬೇರಿಂಗ್ ಅಥವಾ ಟೈರ್ ಕಡೆ ಮೊದಲು ಗಮನ ಕೊಡಿ. ‘ಕೀಚ್’ ಅಂದರೆ ಬೆಲ್ಟ್. ಗೇರ್ ಹಾಕಿದಾಗ, ಆಕ್ಸಲರೇಟರ್ ಬಿಟ್ಟು ಒತ್ತಿದಾಗ ‘ಟಕ್’ ಅಂದರೆ ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಹೌಸಿಂಗ್‌ಗೆ ಎಳೆತ ಒಯ್ಯುವ ಉದ್ದ ದಂಡ) ಕೀಲಾದ ಯುಜೆ ಕ್ರಾಸ್ ನೋಡಬೇಕು. ಪ್ರೊಪೆಲ್ಲರ್ ಶಾಫ್ಟಿನ ತೊಂದರೆ ಸಾಮಾನ್ಯವಾಗಿ ಕೂಗಾಗಿ ಬರಲ್ಲ, ಸೀಟಿನಲ್ಲಿ, ಫ್ಲೋರಿನಲ್ಲಿ ನಡುಕವಾಗಿ ಬರುತ್ತದೆ.

ರಿವರ್ಸ್‌ನಲ್ಲಿ ಮಾತ್ರ ಕೂಗಿದರೆ ಹೆದರಬೇಡಿ. ಹೆಚ್ಚಿನ ಗೇರ್‌ಬಾಕ್ಸ್‌ಗಳಲ್ಲಿ ರಿವರ್ಸ್ ಗೇರಿನ ಹಲ್ಲು ನೇರವಾಗಿ ಕೊರೆದಿರುತ್ತವೆ, ಓರೆ ಇರಲ್ಲ. ಅವು ಕೂಗುವುದು ಸಹಜ.

ಒಂದು ಚೀಟಿಯಲ್ಲಿ ಬರೆದಿಡಿ: ಯಾವ ವೇಗದಲ್ಲಿ ಶುರು, ಯಾವ ವೇಗದಲ್ಲಿ ಜೋರು, ಯಾವ ಗೇರು, ಲೋಡ್ ಇತ್ತೋ ಖಾಲಿಯೋ, ಗಾಡಿ ತಣ್ಣಗಿತ್ತೋ ಬಿಸಿಯಿತ್ತೋ. ಇತ್ತೀಚೆಗೆ ಏನು ಕೆಲಸ ಆಗಿತ್ತು ಅನ್ನುವುದನ್ನೂ ಬರೆಯಿರಿ. ಟೈರ್ ಹಾಕಿಸಿದ ಮಾರನೇ ದಿನ, ಆಯಿಲ್ ಸೀಲ್ ಹಾಕಿಸಿದ ವಾರದಲ್ಲಿ ಶುರುವಾದ ಕೂಗಿಗೆ ಕಾರಣ ಹೆಚ್ಚಾಗಿ ಅಲ್ಲೇ ಇರುತ್ತದೆ.

ಹಂತ 1: ನಿಂತ ಗಾಡಿಯಲ್ಲಿ ಕೂಗುತ್ತದಾ?

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿಸಿ. ನಿಧಾನವಾಗಿ ಆಕ್ಸಲರೇಟರ್ ಕೊಡಿ. ಕೂಗು ಬಂತು, ಎಂಜಿನ್ ಜೊತೆ ಏರಿತು ಅಂದರೆ ಹೌಸಿಂಗ್, ಚಕ್ರ, ಟೈರ್ ಮೂರೂ ಪಟ್ಟಿಯಿಂದ ಹೊರಗೆ. ನಿಂತ ಗಾಡಿಯಲ್ಲಿ ಅವು ತಿರುಗುವುದೇ ಇಲ್ಲ.

ಈಗ ಕ್ಲಚ್ ಪರೀಕ್ಷೆ. ಎಂಜಿನ್ ಐಡ್ಲಿಂಗ್‌ನಲ್ಲಿರಲಿ. ಕ್ಲಚ್ ಪೂರ್ತಿ ಒತ್ತಿದಾಗ ಕೂಗು ನಿಂತು, ಬಿಟ್ಟಾಗ ಮತ್ತೆ ಬಂದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ (ಎಂಜಿನ್ ಬಲ ಒಳಗೆ ತರುವ ದಂಡ) ಅಥವಾ ಲೇ ಶಾಫ್ಟಿನ (ಅದರಿಂದ ತಿರುಗುವ, ಗೇರ್‌ಗಳನ್ನು ಹೊತ್ತ ಪಕ್ಕದ ದಂಡ) ಬೇರಿಂಗ್ ಮೇಲೆ ಅನುಮಾನ. ಯಾಕೆಂದರೆ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಿದ್ದಾಗ ಆ ಎರಡೂ ಶಾಫ್ಟ್ ತಿರುಗುತ್ತಿರುತ್ತವೆ, ಒತ್ತಿದರೆ ನಿಲ್ಲುತ್ತವೆ. ಇದರ ಉಲ್ಟಾ ಆದರೆ, ಅಂದರೆ ಒತ್ತಿದಾಗ ಮಾತ್ರ ಕೂಗಿದರೆ, ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ಪೆಡಲ್ ಮೇಲೆ ಸದಾ ಕಾಲಿಟ್ಟು ಓಡಿಸುವ ಗಾಡಿಗಳಲ್ಲಿ ಅದು ಬೇಗ ಸವೆಯುತ್ತದೆ. ರಿಲೀಸ್ ಬೇರಿಂಗ್ ಬದಲಾಯಿಸಲು ಹೇಗಿದ್ದರೂ ಗೇರ್‌ಬಾಕ್ಸ್ ಇಳಿಸಲೇಬೇಕು. ಹಾಗಾಗಿ ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ಪೈಲಟ್ ಬೇರಿಂಗ್ ಕೂಡ ಅದೇ ಸಲ ನೋಡಿಸಿ. ಎರಡು ಸಲ ಇಳಿಸುವ ಕೂಲಿ ಉಳಿಯುತ್ತದೆ.

ಕ್ಲಚ್‌ನಿಂದ ಏನೂ ಬದಲಾಗದಿದ್ದರೆ ಎಂಜಿನ್ನಿನ ಮುಂಭಾಗಕ್ಕೆ ಬನ್ನಿ.

ಸ್ಟೀರಿಂಗ್ ಎರಡೂ ಕಡೆ ತಿರುಗಿಸಿ. ತಿರುಗಿಸುವಾಗ ಕೂಗು ಜೋರಾದರೆ ಪವರ್ ಸ್ಟೀರಿಂಗ್ ಪಂಪ್. ಮೊದಲು ಆಯಿಲ್ ಡಬ್ಬಿ ನೋಡಿ. ಮಟ್ಟ ಕಡಿಮೆ ಇದ್ದರೆ ಎಲ್ಲಿ ಸೋರುತ್ತಿದೆ ಹುಡುಕಬೇಕು. ನೊರೆ ಇದ್ದರೆ ಗಾಳಿ ಸೇರಿದೆ, ಪಂಪ್‌ಗೆ ಬರುವ ಹೋಸ್‌ನ ಕ್ಲಿಪ್ ಸಡಿಲವಾಗಿರಬಹುದು. ಗಾಳಿ ತೆಗೆಯಲು ಮುಂದಿನ ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಎಂಜಿನ್ ಆಫ್ ಇರುವಾಗ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹಲವು ಸಲ ತಿರುಗಿಸಿ. ಆಯಿಲ್ ಇಳಿದಂತೆ ತುಂಬುತ್ತಿರಿ. ಆಮೇಲೆ ಎಂಜಿನ್ ಓಡಿಸಿ ಹಾಗೇ ಮಾಡಿ. ತುದಿಯಲ್ಲಿ 5 ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ, ಅಲ್ಲಿ ಒತ್ತಡ ವಿಪರೀತ ಏರಿ ಪಂಪ್ ಬಿಸಿಯಾಗುತ್ತದೆ. ಯಾವ ಆಯಿಲ್ ಅನ್ನುವುದು ಡಬ್ಬಿಯ ಮುಚ್ಚಳದ ಮೇಲೆ ಅಥವಾ ಕೈಪಿಡಿಯಲ್ಲಿ ಇರುತ್ತದೆ. ಅದನ್ನು ಬಿಟ್ಟು ಬೇರೆ ಬೆರೆಸಬೇಡಿ.

ಹೆಡ್‌ಲೈಟ್, ಬ್ಲೋವರ್ ಎರಡೂ ಹಾಕಿ. ಕೂಗು ಜೋರಾದರೆ ಡೈನಮೋ. ಕರೆಂಟ್ ಹೆಚ್ಚು ಬೇಕಾದಾಗ ಅದರ ಮೇಲೆ ಭಾರ ಬೀಳುತ್ತದೆ. ಕೂಗು ಸ್ಪೀಕರ್‌ನಿಂದ ಮಾತ್ರ ಬರುತ್ತಿದ್ದರೆ ಅದು ಯಂತ್ರದ ದೋಷವಲ್ಲ, ಸ್ಟೀರಿಯೋದ ಅರ್ಥ್ ವೈರ್ ಸರಿಯಾಗಿ ಕೂತಿಲ್ಲ ಅಥವಾ ಡೈನಮೋದ ಡಯೋಡ್ ಕೆಟ್ಟಿದೆ.

ಬೆಲ್ಟ್ ಭಾಗವೇ ಹೌದೋ ಅಲ್ಲವೋ ಖಚಿತ ಮಾಡಿಕೊಳ್ಳಲು ಒಂದು ನೇರ ದಾರಿ ಇದೆ. ಎಂಜಿನ್ ತಣ್ಣಗಿರುವಾಗ ಬೆಲ್ಟ್ ತೆಗೆದು, ಅರ್ಧ ನಿಮಿಷ ಮಾತ್ರ ಎಂಜಿನ್ ಓಡಿಸಿ. ಕೂಗು ಹೋಯಿತಾ? ಹಾಗಾದರೆ ಡೈನಮೋ, ಪಂಪ್, ಟೆನ್ಷನರ್, ಐಡ್ಲರ್ ಪುಲ್ಲಿ ಇವುಗಳಲ್ಲೇ ಒಂದು. ಒಂದೊಂದನ್ನೂ ಕೈಯಿಂದ ತಿರುಗಿಸಿ. ಒರಟಾಗಿ ತಿರುಗುವುದು, ಅಲುಗಾಡುವುದು ಕಳ್ಳ. ಅರ್ಧ ನಿಮಿಷ ಅಂದದ್ದು ಸುಮ್ನೆ ಅಲ್ಲ. ಬಹಳ ಗಾಡಿಗಳಲ್ಲಿ ವಾಟರ್ ಪಂಪ್ ಕೂಡ ಇದೇ ಬೆಲ್ಟಿನಿಂದ ತಿರುಗುತ್ತದೆ, ಬೆಲ್ಟ್ ಇಲ್ಲದೆ ಜಾಸ್ತಿ ಹೊತ್ತು ಓಡಿದರೆ ಎಂಜಿನ್ ಕಾಯುತ್ತದೆ. ಬೆಲ್ಟಿಗೆ ಸ್ಪ್ರೇ ಹೊಡೆದು ಸದ್ದು ನಿಲ್ಲಿಸುವುದು ರಿಪೇರಿಯಲ್ಲ. ಬೆಲ್ಟ್ ಹೊಳಪು ಬಂದು ಗಟ್ಟಿಯಾಗಿದ್ದರೆ, ಆಯಿಲ್ ತಾಗಿದ್ದರೆ ಹೊಸದು ಹಾಕಿ. ಪುಲ್ಲಿಗಳೆಲ್ಲ ಒಂದೇ ಗೆರೆಯಲ್ಲಿವೆಯಾ ಅಂತಲೂ ನೋಡಿ.

ಬೆಲ್ಟ್ ಇದ್ದು ಎಂಜಿನ್ ಓಡುತ್ತಿರುವಾಗ ಉದ್ದ ಸ್ಕ್ರೂಡ್ರೈವರ್‌ನ ತುದಿಯನ್ನು ಡೈನಮೋ, ಪಂಪ್‌ನ ಹೊರಮೈಗೆ ತಾಗಿಸಿ ಹಿಡಿಕೆಯನ್ನು ಕಿವಿಯ ಪಕ್ಕದ ಮೂಳೆಗೆ ಒತ್ತಿದರೆ ಯಾವುದರೊಳಗೆ ಸದ್ದು ಇದೆ ಅನ್ನುವುದು ಸ್ಪಷ್ಟವಾಗಿ ಕೇಳುತ್ತದೆ. ಆದರೆ ಹೆಗಲ ಮೇಲಿನ ಟವೆಲ್, ಸಡಿಲ ತೋಳಿನ ಶರ್ಟು, ಕೈಯ ಕಡಗ ತೆಗೆದಿಟ್ಟು ಮಾತ್ರ ಹತ್ತಿರ ಹೋಗಿ. ಫ್ಯಾನಿಗೆ ಟವೆಲ್ ಸಿಕ್ಕಿದರೆ ಕುತ್ತಿಗೆಯೇ ಹೋಗುತ್ತದೆ.

ಟರ್ಬೊದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಏರಿನಲ್ಲಿ ಎಳೆಯುವಾಗ ತೆಳುವಾದ ವಿಸಿಲ್ ಬರುವುದು ಟರ್ಬೊದ ಸ್ವಭಾವ. ಅದು ಸೈರನ್‌ನಂತೆ ಜೋರಾಗಿ, ಜೊತೆಗೆ ಎಳೆತ ಕಡಿಮೆಯಾಗಿ ಹೊಗೆ ಹೆಚ್ಚಿದ್ದರೆ ಗಾಳಿಯ ಹೋಸ್ ಬಿರುಕು ಬಿಟ್ಟಿದೆಯಾ, ಕ್ಲಿಪ್ ಜಾರಿದೆಯಾ ಮೊದಲು ನೋಡಿ. ಅವು ಸರಿ ಇದ್ದರೆ ಟರ್ಬೊ ಶಾಫ್ಟಿನ ಆಟ ಪರೀಕ್ಷಿಸಬೇಕು, ಅದು ವರ್ಕ್‌ಶಾಪಿನ ಕೆಲಸ.

ಹಂತ 2: ಓಡುವಾಗ ಮಾತ್ರ ಕೂಗುತ್ತದಾ?

ಈಗ ರಸ್ತೆ ಪರೀಕ್ಷೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಇದಕ್ಕೆ ಜಾಗವಲ್ಲ. ಅಲ್ಲಿ ವೇಗ ಏರಿಸಿ ಇಳಿಸಿ ಆಟ ಆಡಿದರೆ ಹಿಂದಿನಿಂದ ಬಂದು ಗುದ್ದುತ್ತಾರೆ. ನಸುಕಿನಲ್ಲಿ ಮೈಸೂರಿನ ರಿಂಗ್ ರೋಡ್ ಅಥವಾ ನಿಮ್ಮೂರ ಕಡೆಯ ಖಾಲಿ ಡಾಂಬರ್ ರಸ್ತೆ ಸಾಕು. ಕಿಟಕಿ ಮುಚ್ಚಿ, ಹಾಡು ಆಫ್ ಮಾಡಿ. ಒಬ್ಬರು ಓಡಿಸಲಿ, ಇನ್ನೊಬ್ಬರು ಕೇಳಲಿ ಮತ್ತು ಬರೆಯಲಿ. ಓಡಿಸುವವರ ಗಮನ ರಸ್ತೆ ಮೇಲೇ ಇರಬೇಕು.

ಮೊದಲ ಪ್ರಶ್ನೆ ಗೇರಿನದು. 50ರ ವೇಗವನ್ನು 5ನೇ ಗೇರಿನಲ್ಲಿ ಹಿಡಿದು ಕೇಳಿ. ಅದೇ 50ನ್ನು 4ರಲ್ಲಿ ಹಿಡಿದು ಕೇಳಿ, ಆಮೇಲೆ 3ರಲ್ಲಿ. ಎಂಜಿನ್ ಸುತ್ತು ಬದಲಾದರೂ ಚಕ್ರದ ಸುತ್ತು ಅದೇ ಇದೆ, ಅಲ್ವಾ? ಕೂಗಿನ ಸ್ವರ ಮೂರರಲ್ಲೂ ಒಂದೇ ಆದರೆ ಕಾರಣ ಗೇರ್‌ಬಾಕ್ಸಿನಿಂದ ಹಿಂದೆ ಇದೆ: ಹೌಸಿಂಗ್, ಚಕ್ರದ ಬೇರಿಂಗ್ ಅಥವಾ ಟೈರ್. ಸ್ವರ ಗೇರಿನ ಜೊತೆ ಬದಲಾದರೆ ಗೇರ್‌ಬಾಕ್ಸ್ ಅಥವಾ ಎಂಜಿನ್ ಕಡೆಯದು.

ಒಂದೇ ಗೇರಿನಲ್ಲಿ ಕೂಗಿದರೆ ಆ ಗೇರಿನ ಜೋಡಿ ಸವೆದಿದೆ. 4ರಲ್ಲಿ ಮಾತ್ರ ಸುಮ್ಮನಾಗಿ ಉಳಿದೆಲ್ಲದರಲ್ಲಿ ಕೂಗಿದರೆ ಅದು ದೊಡ್ಡ ಸುಳಿವು. ಇಂಥ ಹೆಚ್ಚಿನ ಗೇರ್‌ಬಾಕ್ಸ್‌ಗಳಲ್ಲಿ 4ನೇ ಗೇರ್ ನೇರ ಗೇರ್. ಎಂಜಿನ್ನಿನ ಬಲ ಲೇ ಶಾಫ್ಟಿಗೆ ಇಳಿಯದೆ ನೇರ ಹಿಂದಕ್ಕೆ ಹೋಗುತ್ತದೆ. 4ರಲ್ಲಿ ನೆಮ್ಮದಿ ಅಂದರೆ ಭಾರ ಬಿದ್ದಾಗ ಕೂಗುತ್ತಿರುವುದು ಲೇ ಶಾಫ್ಟ್ ಅಥವಾ ಅದರ ಬೇರಿಂಗ್. ಯಾವುದನ್ನೂ ಬಿಚ್ಚುವ ಮೊದಲು ಗೇರ್ ಆಯಿಲ್ ಮಟ್ಟ ನೋಡಿಸಿ.

ಎರಡನೇ ಪ್ರಶ್ನೆ ಕಾಲಿನದು, ಮತ್ತು ಹೌಸಿಂಗ್ ವಿಷಯದಲ್ಲಿ ಇದಕ್ಕಿಂತ ಬೆಲೆಬಾಳುವ ಪರೀಕ್ಷೆ ಇಲ್ಲ. ಕೂಗು ಜೋರಾಗುವ ವೇಗಕ್ಕೆ ಬನ್ನಿ. ಮೂರು ಥರ ಓಡಿಸಿ: ಆಕ್ಸಲರೇಟರ್ ಒತ್ತಿ ಎಳೆಯುತ್ತಾ, ವೇಗ ಏರದೆ ಇಳಿಯದೆ ಹಗುರ ಕಾಲಿನಲ್ಲಿ, ಆಮೇಲೆ ಗೇರಿನಲ್ಲೇ ಇದ್ದು ಕಾಲು ಪೂರ್ತಿ ತೆಗೆದು.

ಹೌಸಿಂಗ್ ಒಳಗೆ ಪಿನಿಯನ್ನಿನ (ಕ್ರೌನನ್ನು ತಿರುಗಿಸುವ ಚಿಕ್ಕ ಗೇರ್) ಹಲ್ಲು ಕ್ರೌನಿನ ಹಲ್ಲನ್ನು ಎಳೆಯುವಾಗ ಒಂದು ಮುಖದಿಂದ ತಳ್ಳುತ್ತದೆ, ಕಾಲು ತೆಗೆದಾಗ ಚಕ್ರವೇ ಎಂಜಿನ್ನನ್ನು ತಿರುಗಿಸುವುದರಿಂದ ಇನ್ನೊಂದು ಮುಖ ತಾಗುತ್ತದೆ. ಹಾಗಾಗಿ ಎಳೆಯುವಾಗ ಮಾತ್ರ ಕೂಗಿದರೆ ಸಾಮಾನ್ಯವಾಗಿ ಹಲ್ಲಿನ ಎಳೆಯುವ ಮುಖ ಸವೆದಿದೆ ಅಥವಾ ಸೆಟ್ಟಿಂಗ್ ತಪ್ಪಿದೆ. ಕಾಲು ತೆಗೆದಾಗ ಮಾತ್ರ ಕೂಗಿದರೆ ಪಿನಿಯನ್ ಬೇರಿಂಗ್ ಸಡಿಲ ಅಥವಾ ಪಿನಿಯನ್ ನಟ್ ಬಿಗಿ ಬಿಟ್ಟಿದೆ ಅಂತ ಅನುಮಾನಿಸಬೇಕು. ಬೇರಿಂಗ್ ಸಡಿಲವಾದರೆ ಭಾರದ ದಿಕ್ಕು ಬದಲಾದಾಗ ಪಿನಿಯನ್ ಒಂದಿಷ್ಟು ಸರಿಯುತ್ತದೆ, ಹಲ್ಲು ತಾಗುವ ಜಾಗವೂ ಸರಿಯುತ್ತದೆ. ಮೂರರಲ್ಲೂ ಒಂದೇ ಸಮ ಒರಟು ಸದ್ದು ಇದ್ದರೆ ಹಲ್ಲಿಗಿಂತ ಬೇರಿಂಗ್ ಕಡೆ ಮೊದಲು ನೋಡಿ.

ಸಾಧ್ಯವಾದರೆ ಖಾಲಿ ಗಾಡಿಯಲ್ಲಿ ಒಮ್ಮೆ, ನಿಯಮದೊಳಗಿನ ಲೋಡಿನಲ್ಲಿ ಒಮ್ಮೆ ಕೇಳಿ. ಏರು ಇದ್ದರೆ ಇನ್ನೂ ಒಳ್ಳೆಯದು. ಮೇಲುಕೋಟೆ ಬೆಟ್ಟದ ರಸ್ತೆಯಂಥ ಕಡೆ ಹತ್ತುವಾಗ ಎಳೆತದ ಕೂಗು, ಗೇರಿನಲ್ಲೇ ಇಳಿಯುವಾಗ ಕಾಲು ಬಿಟ್ಟ ಕೂಗು ಎರಡೂ ಚೆನ್ನಾಗಿ ಕೇಳುತ್ತವೆ. ಇಳಿಜಾರಿನಲ್ಲಿ ಯಾವ ಕಾರಣಕ್ಕೂ ನ್ಯೂಟ್ರಲ್ ಮಾಡಬೇಡಿ, ಎಂಜಿನ್ ಆಫ್ ಮಾಡಬೇಡಿ. ಎಂಜಿನ್ ನಿಂತರೆ ಬ್ರೇಕ್ ಬೂಸ್ಟರ್, ಪವರ್ ಸ್ಟೀರಿಂಗ್ ಎರಡೂ ಕೈಕೊಡುತ್ತವೆ.

ಸಮತಟ್ಟಾದ ಖಾಲಿ ರಸ್ತೆಯಲ್ಲಿ ಎಂಜಿನ್ ಓಡುತ್ತಿರುವಂತೆಯೇ ಸ್ವಲ್ಪ ದೂರ ನ್ಯೂಟ್ರಲ್‌ನಲ್ಲಿ ಉರುಳಿಸಿ ನೋಡಿ. ಸದ್ದು ಒಂದಿಷ್ಟೂ ಬದಲಾಗದೆ ಹಾಗೇ ಉಳಿದರೆ ಚಕ್ರದ ಬೇರಿಂಗ್ ಅಥವಾ ಟೈರ್.

ಮೊಬೈಲ್‌ನಿಂದ ಸ್ವರ ಅಳೆಯುವುದು

ಕಿವಿಗೆ ಅನುಮಾನ ಉಳಿದರೆ ಮೊಬೈಲ್‌ನಲ್ಲಿ ಸದ್ದಿನ ಹರ್ಟ್ಸ್ ತೋರಿಸುವ ಉಚಿತ ಆ್ಯಪ್ ಹಾಕಿಕೊಳ್ಳಿ. ಲೆಕ್ಕ ಕಷ್ಟವಲ್ಲ. 215/75 ಆರ್15 ಟೈರಿನ ಸುತ್ತಳತೆ ಸುಮಾರು 2.2 ಮೀಟರ್. 60ರ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 7.5 ಸುತ್ತು ಹಾಕುತ್ತದೆ. ಕ್ರೌನಿನಲ್ಲಿ 41 ಹಲ್ಲು ಇದೆ ಅಂದುಕೊಳ್ಳಿ. ಆಗ ಸೆಕೆಂಡಿಗೆ ಸುಮಾರು 310 ಸಲ ಹಲ್ಲಿಗೆ ಹಲ್ಲು ಕೂಡುತ್ತದೆ, ಆ್ಯಪ್‌ನಲ್ಲಿ 310 ಹರ್ಟ್ಸ್ ಹತ್ತಿರ ಗೆರೆ ಏಳಬೇಕು. ವೇಗ 40ಕ್ಕೆ ಇಳಿದರೆ ಗೆರೆ 205ರ ಆಸುಪಾಸು ಬರಬೇಕು. ಹಾಗೆ ಬಂದರೆ ಕೂಗುತ್ತಿರುವುದು ಕ್ರೌನ್–ಪಿನಿಯನ್ನೇ. ನಿಮ್ಮ ಗಾಡಿಯ ಹಲ್ಲಿನ ಎಣಿಕೆ ಬೇರೆ ಇರುತ್ತದೆ, ಪಾರ್ಟ್ಸ್ ಅಂಗಡಿಯಲ್ಲಿ ಕ್ರೌನ್ ಸೆಟ್ಟಿನ ಪೆಟ್ಟಿಗೆ ಮೇಲೆ ನೋಡಿದರೆ ಗೊತ್ತಾಗುತ್ತದೆ. ಸ್ಪೀಡೋಮೀಟರ್ ನಿಜಕ್ಕಿಂತ ಕೊಂಚ ಜಾಸ್ತಿ ತೋರಿಸುವುದರಿಂದ ವೇಗವನ್ನು ಜಿಪಿಎಸ್‌ನಲ್ಲಿ ನೋಡಿ. ಮೊಬೈಲ್ ಹಿಡಿಯುವುದು ಪಕ್ಕದಲ್ಲಿ ಕೂತವರ ಕೆಲಸ.

ಟೈರೋ, ಬೇರಿಂಗೋ?

ಊರೊಳಗಿನ ಕಾಂಕ್ರೀಟ್ ರಸ್ತೆಯಿಂದ ಡಾಂಬರ್ ರಸ್ತೆಗೆ ಬಂದಾಗ ಸದ್ದಿನ ಗುಣವೇ ಬದಲಾದರೆ ಟೈರ್. ಟ್ರೆಡ್ ಮೇಲೆ ಅಂಗೈ ಸವರಿ. ಒಂದು ದಿಕ್ಕಿಗೆ ನುಣ್ಣಗೆ, ವಾಪಸ್ ಎಳೆದಾಗ ಗರಗಸದಂತೆ ತಾಗಿದರೆ ಅದೇ ಕೂಗುತ್ತಿದೆ. ಅಲೈನ್‌ಮೆಂಟ್ ಮಾಡಿಸಿ. ಹಿಂದೆ ದಪ್ಪ ಲಗ್ ಟೈರ್ ಹಾಕಿಸಿದ್ದರೆ ಡಾಂಬರಿನಲ್ಲಿ ಕೂಗುವುದು ಅದರ ಹುಟ್ಟುಗುಣ. ಅನುಮಾನ ಇದ್ದರೆ ಮುಂದಿನ, ಹಿಂದಿನ ಟೈರ್ ಅದಲು ಬದಲು ಮಾಡಿ ಓಡಿಸಿ, ಸದ್ದು ಜಾಗ ಬದಲಾಯಿಸಿತಾ ಕೇಳಿ.

ಬೇರಿಂಗ್ ಆದರೆ ಭಾರ ಬಿದ್ದಾಗ ಕಿರುಚುತ್ತದೆ. ಖಾಲಿ ಅಗಲ ರಸ್ತೆಯಲ್ಲಿ ಮಧ್ಯಮ ವೇಗದಲ್ಲಿ ಹಗುರವಾಗಿ ಬಲಕ್ಕೆ ತಿರುಗಿಸಿದರೆ ಭಾರ ಎಡಗಡೆ ಬೀಳುತ್ತದೆ. ಆಗ ಸದ್ದು ಜೋರಾದರೆ ಎಡ ಬೇರಿಂಗ್, ಎಡಕ್ಕೆ ತಿರುಗಿದಾಗ ಜೋರಾದರೆ ಬಲದ್ದು. ಒಂದಿಷ್ಟು ದೂರ ಓಡಿಸಿ ನಿಲ್ಲಿಸಿದ ಕೂಡಲೇ ನಾಲ್ಕೂ ಹಬ್‌ಗಳ ಹತ್ತಿರ ಅಂಗೈ ಒಡ್ಡಿ ಬಿಸಿ ಹೋಲಿಸಿ, ಮುಟ್ಟಲು ಹೋಗಬೇಡಿ. ಒಂದು ಮಾತ್ರ ಜಾಸ್ತಿ ಕಾದಿದ್ದರೆ ಅಲ್ಲಿ ಬೇರಿಂಗ್ ಕೆಟ್ಟಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ.

ಆಮೇಲೆ ಜಾಕ್. ಬೇರೆ ಚಕ್ರಗಳಿಗೆ ಕಲ್ಲು ಅಥವಾ ಮರದ ತುಂಡು ಕೊಟ್ಟು, ಜಾಕ್ ಎತ್ತಿ, ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಯಾರೂ ಅಡಿಗೆ ಹೋಗಬಾರದು. ಚಕ್ರದ ಮೇಲ್ತುದಿ, ಕೆಳತುದಿ ಹಿಡಿದು ಅಲುಗಾಡಿಸಿ. ಆಟ ಇದ್ದರೆ ಬೇರಿಂಗ್ ಸಡಿಲ. ಒಂದು ಕೈಯಿಂದ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯನ್ನು ಆ ಕಡೆಯ ಸ್ಪ್ರಿಂಗ್ ಪಟ್ಟಿಯ ಮೇಲಿಡಿ. ಕೆಟ್ಟ ಬೇರಿಂಗಿನ ಒರಟು ನಡುಕ ಕಿವಿಗೆ ಕೇಳುವ ಮೊದಲೇ ಕೈಗೆ ಗೊತ್ತಾಗುತ್ತದೆ.

ಮುಂದಿನ ಹಬ್‌ನಲ್ಲಿ ಟೇಪರ್ ಬೇರಿಂಗ್ ಇರುವ ಗಾಡಿಗಳಲ್ಲಿ ಒಳಗಿನ ಕೋನ್, ಹೊರಗಿನ ಕಪ್ ಎರಡನ್ನೂ ಜೋಡಿಯಾಗಿ ಬದಲಾಯಿಸಬೇಕು. ಹಳೇ ಕಪ್‌ಗೆ ಹೊಸ ಕೋನ್ ಹಾಕಿದರೆ ಕೂಗು ಬೇಗ ವಾಪಸ್ ಬರುತ್ತದೆ. ನಟ್ ಬಿಗಿ ಮಾಡುವಾಗ ಹಬ್ ತಿರುಗಿಸುತ್ತಲೇ ಇರಬೇಕು, ಆಮೇಲೆ ಕೈಪಿಡಿ ಹೇಳಿದಷ್ಟು ಸಡಿಲಿಸಿ ಹೊಸ ಸ್ಪ್ಲಿಟ್ ಪಿನ್ ಹಾಕಬೇಕು. ಹಿಂದಿನ ಆಕ್ಸಲ್ ಬೇರಿಂಗ್‌ಗೆ ಹೆಚ್ಚಾಗಿ ಪ್ರೆಸ್ ಮಷಿನ್ ಬೇಕು. ಸುತ್ತಿಗೆಯಲ್ಲಿ ಹೊಡೆದು ಕೂರಿಸಲು ಬಿಡಬೇಡಿ, ಹೊಸ ಬೇರಿಂಗ್ ಅಲ್ಲೇ ಗಾಯಗೊಳ್ಳುತ್ತದೆ.

ಹೌಸಿಂಗ್ ಅನುಮಾನವಾದರೆ ಮೊದಲು ಆಯಿಲ್

ಕ್ರೌನ್ ಬಿಚ್ಚಿಸುವ ಮಾತಾಡುವ ಮೊದಲು ಹೌಸಿಂಗ್ ಆಯಿಲ್ ನೋಡಲೇಬೇಕು. ಗಾಡಿ ಸಮತಟ್ಟಿನಲ್ಲಿರಲಿ. ಮೊದಲು ಮೇಲಿನ ತುಂಬುವ ಪ್ಲಗ್ ಬಿಚ್ಚಿ, ಆಮೇಲೆ ಕೆಳಗಿನದು. ಈ ಕ್ರಮ ತಪ್ಪಬಾರದು: ಆಯಿಲ್ ಎಲ್ಲ ಇಳಿಸಿದ ಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಬರದಿದ್ದರೆ ತುಂಬುವುದು ಹೇಗೆ? ಹೆಚ್ಚಿನ ಗಾಡಿಗಳಲ್ಲಿ ಆಯಿಲ್ ಮೇಲಿನ ತೂತಿನ ಅಂಚಿನವರೆಗೆ ಇರಬೇಕು. ಬೆರಳು ಬಗ್ಗಿಸಿದರೆ ಆಯಿಲ್ ತಾಗದಿದ್ದರೆ ಕಡಿಮೆ ಇದೆ ಅಂತಲೇ ಅರ್ಥ.

ಇಳಿದ ಆಯಿಲನ್ನು ಬಿಳಿ ತಟ್ಟೆಗೆ ಹಿಡಿಯಿರಿ. ಹಾಲು ಹೆಚ್ಚಾದ ಕಾಫಿಯ ಬಣ್ಣ ಇದ್ದರೆ ನೀರು ಸೇರಿದೆ. ಪ್ಲಗ್‌ನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಅದು ಸಹಜ ಸವೆತ. ಚೂರು, ಹೊಟ್ಟಿನಂಥ ಚಕ್ಕೆ, ಹಲ್ಲಿನ ತುಂಡು ಸಿಕ್ಕರೆ ಗಾಡಿ ಮುಂದೆ ಓಡಿಸಬೇಡಿ.

ನಮ್ಮ ಕಡೆ ಈ ಆಯಿಲ್ ಹಾಳಾಗಲು ಎರಡು ಕಾರಣಗಳನ್ನು ಒತ್ತಿ ಹೇಳಬೇಕು. ಒಂದು, ನಾಲೆ. ದೂರದಿಂದ ಬಂದ ಗಾಡಿಯನ್ನು ನೇರ ನಾಲೆ ನೀರಿಗೆ, ಕೆರೆ ಅಂಚಿಗೆ ಇಳಿಸಿ ತೊಳೆಯುವ ಅಭ್ಯಾಸ ಇದೆ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಮುಳುಗಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಆ ಎಳೆತಕ್ಕೆ ಬ್ರೀದರ್ (ಗಾಳಿಯಾಡುವ ಕಿಂಡಿ) ಮತ್ತು ಸೀಲ್‌ಗಳ ಸಂದಿನಿಂದ ನೀರು ಒಳಗೆ ಬರುತ್ತದೆ. ಬ್ರೀದರ್ ಮಣ್ಣು ಕಟ್ಟಿ ಮುಚ್ಚಿದ್ದರೆ ಇನ್ನೊಂದು ತೊಂದರೆ: ಬಿಸಿಯಾದಾಗ ಒತ್ತಡ ಹೊರಹೋಗಲು ದಾರಿಯಿಲ್ಲದೆ ಆಯಿಲ್ ಸೀಲಿನಿಂದ ಹೊರಗೆ ಒಸರುತ್ತದೆ. ಹೌಸಿಂಗ್ ಮೇಲಿನ ಆ ಪುಟ್ಟ ಬ್ರೀದರನ್ನು ಪ್ರತಿ ಸರ್ವಿಸ್‌ನಲ್ಲಿ ಬಿಡಿಸಿ ಊದಿಸಿ.

ಎರಡನೆಯದು ಒಕ್ಕಣೆ. ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ರಸ್ತೆ ಮೇಲೆ ಹರಡುತ್ತಾರೆ. ಹುರುಳಿ ಬಳ್ಳಿ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡು ಹಗ್ಗದಂತೆ ಬಿಗಿಯುತ್ತದೆ. ಅದು ಪಿನಿಯನ್ ಸೀಲಿನ ತುಟಿಯನ್ನು ಕೊರೆದು ಆಯಿಲ್ ಸೋರಿಸುತ್ತದೆ, ಸೈಲೆನ್ಸರ್ ಹತ್ತಿರ ಇದ್ದರೆ ಬೆಂಕಿಯೂ ಹತ್ತಬಹುದು. ಅಂಥ ರಸ್ತೆ ದಾಟಿದ ಮೇಲೆ ಎಂಜಿನ್ ಆಫ್ ಮಾಡಿ, ಗಾಡಿ ಅಡಿ ಬಗ್ಗಿ ನೋಡಿ, ಸುತ್ತಿದ್ದನ್ನು ಚಾಕುವಿನಿಂದ ಕತ್ತರಿಸಿ ತೆಗೆಯಿರಿ. ರಸ್ತೆಯನ್ನು ಕಣ ಮಾಡುವುದು ಓಡಿಸುವವರಿಗೂ ಒಕ್ಕುವವರಿಗೂ ಅಪಾಯ. ಇದನ್ನು ಊರವರ ಜೊತೆ ಕೂತು ಮಾತಾಡಬೇಕು.

ಹೊಸ ಆಯಿಲ್ ಹಾಕುವಾಗ ಹೌಸಿಂಗ್‌ಗೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯ ಗೇರ್ ಆಯಿಲ್ ಬೇಕು. ಕ್ರೌನ್–ಪಿನಿಯನ್ ಹಲ್ಲು ಬರೀ ಉರುಳುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ. ಆ ಒತ್ತಡ ತಡೆಯುವ ರಾಸಾಯನಿಕ ಜಿಎಲ್-5ರಲ್ಲಿ ಜಾಸ್ತಿ. ಗೇರ್‌ಬಾಕ್ಸಿಗೆ ಕಂಪನಿ ಜಿಎಲ್-4 ಹೇಳಿದ್ದರೆ ಅದನ್ನೇ ಹಾಕಿ, ಯಾಕೆಂದರೆ ಕೆಲವು ಜಿಎಲ್-5 ಆಯಿಲ್‌ಗಳು ಸಿಂಕ್ರೊದ (ಗೇರ್ ಸಲೀಸಾಗಿ ಬೀಳಲು ನೆರವಾಗುವ ಭಾಗ) ಹಿತ್ತಾಳೆ ರಿಂಗ್‌ಗಳಿಗೆ ಆಗಿಬರಲ್ಲ. 80ಡಬ್ಲ್ಯೂ-90, 85ಡಬ್ಲ್ಯೂ-140 ಅನ್ನುವುದು ದಪ್ಪದ ಲೆಕ್ಕ. ಕೂಗು ಮುಚ್ಚಲು ಹೇಳಿದ್ದಕ್ಕಿಂತ ದಪ್ಪ ಆಯಿಲ್, ಗ್ರೀಸ್ ಹಾಕಬೇಡಿ. ಹಳೇ ಗಾಡಿ ಕೊಳ್ಳುವವರು ಇದನ್ನೇ ಎಚ್ಚರಿಕೆಯಿಂದ ನೋಡಬೇಕು. ಹೌಸಿಂಗ್ ಪ್ಲಗ್ ಬಿಚ್ಚಿಸಿದಾಗ ಗ್ರೀಸಿನಂಥ ಮುದ್ದೆ ಬಂದರೆ ಸದ್ದನ್ನು ಮುಚ್ಚಿಟ್ಟಿದ್ದಾರೆ.

ಆಯಿಲ್ ಸರಿಮಾಡಿ ಒಂದೆರಡು ದಿನ ಓಡಿಸಿ. ಕೂಗು ಹೋದರೆ ಸಮಯಕ್ಕೆ ಸರಿಯಾಗಿ ಹಿಡಿದಿದ್ದೀರಿ. ಹೋಗದಿದ್ದರೆ ಗಾಡಿ ನಿಲ್ಲಿಸಿ ಚಕ್ರಗಳಿಗೆ ತಡೆ ಕೊಟ್ಟು ಪಿನಿಯನ್ ಫ್ಲ್ಯಾಂಜ್ (ಪ್ರೊಪೆಲ್ಲರ್ ಶಾಫ್ಟ್ ಬೋಲ್ಟ್ ಆಗುವ ಬಿಲ್ಲೆ) ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲುಗಾಡಿಸಿ. ತಿರುಗುವ ದಿಕ್ಕಿನಲ್ಲಿ ಚೂರು ಆಟ ಇರುತ್ತದೆ. ಮೇಲೆ ಕೆಳಗೆ, ಹಿಂದೆ ಮುಂದೆ ಸ್ವಲ್ಪವೂ ಇರಬಾರದು. ಇದ್ದರೆ ಪಿನಿಯನ್ ಬೇರಿಂಗ್ ಹೋಗಿದೆ, ಹಾಗೇ ಓಡಿಸಿದರೆ ಹೌಸಿಂಗ್ ಜಾಮ್ ಆಗಿ ಹಿಂದಿನ ಚಕ್ರ ಕಚ್ಚಿಕೊಳ್ಳಬಹುದು.

ಮೇಸ್ತ್ರಿ ಹತ್ತಿರ ಏನು ಹೇಳಬೇಕು, ಏನು ಕೇಳಬೇಕು

‘ಕ್ರೌನ್ ಹೋಗಿದೆ, ಬದಲಾಯಿಸಿ’ ಅನ್ನಬೇಡಿ. ಕಂಡದ್ದನ್ನು ಹೇಳಿ: ‘ಅಣ್ಣಾ, 55ರಿಂದ 65ರ ಮಧ್ಯೆ ಕೂಗ್ತದೆ. ಗೇರ್ ಬದಲಾಯಿಸಿದ್ರೂ ಅದೇ ಸ್ವರ. ಕಾಲು ಬಿಟ್ರೆ ಜಾಸ್ತಿ, ಎಳೆದ್ರೆ ಕಮ್ಮಿ. ಆಯಿಲ್ ಹೊಸದು ಹಾಕ್ದೆ, ಹೋಗ್ಲಿಲ್ಲ.’ ಇಷ್ಟು ಕೇಳಿದ ಒಳ್ಳೆಯ ಮೇಸ್ತ್ರಿ ನಿಮ್ಮ ಜೊತೆ ಗಾಡಿ ಹತ್ತಿ ಒಂದು ಸುತ್ತು ಬರುತ್ತಾರೆ. ಸುತ್ತು ಬರದೆಯೇ ಪಾರ್ಟ್ಸ್ ಪಟ್ಟಿ ಬರೆಯುವವರ ಹತ್ತಿರ ಹೌಸಿಂಗ್ ಕೆಲಸ ಕೊಡಬೇಡಿ ಅನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ.

ಹೌಸಿಂಗ್ ಸೆಟ್ಟಿಂಗ್ ಕಣ್ಣಂದಾಜಿನ ಕೆಲಸವಲ್ಲ. ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲಿ ಜೊತೆಯಾಗಿ ಉಜ್ಜಿ ಹೊಂದಿಸಿದ ಜೋಡಿ. ಬದಲಾಯಿಸಿದರೆ ಎರಡನ್ನೂ ಸೆಟ್ ಆಗಿಯೇ ಬದಲಾಯಿಸಬೇಕು, ಎರಡರ ಮೇಲಿನ ಜೋಡಿ ನಂಬರ್ ಒಂದೇ ಇದೆಯಾ ನೋಡಬೇಕು. ಹಲ್ಲಿನ ನಡುವಿನ ಆಟ, ಅಂದರೆ ಬ್ಯಾಕ್‌ಲ್ಯಾಶ್, ಬಹಳ ಪಿಕಪ್‌ಗಳಲ್ಲಿ ಒಂದು ಮಿಲಿಮೀಟರಿನ ಹತ್ತನೇ ಒಂದರಿಂದ ಹತ್ತನೇ ಎರಡು ಭಾಗದ ಆಸುಪಾಸು. ಡಯಲ್ ಗೇಜ್ ಇಲ್ಲದೆ ಇದನ್ನು ಅಳೆಯಲಾಗಲ್ಲ. ‘ನಿಮ್ಮ ಹತ್ತಿರ ಡಯಲ್ ಗೇಜ್ ಇದೆಯಾ ಅಣ್ಣ?’ ಅಂತ ಮರ್ಯಾದೆಯಿಂದ ಕೇಳಿ. ಇಲ್ಲ ಅಂದರೆ ಇರುವ ಕಡೆ ಹೋಗಿ.

ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿದಾಗ ಮೂಡುವ ಗುರುತನ್ನೂ ತೋರಿಸಲು ಹೇಳಿ, ಫೋಟೊ ತೆಗೆದುಕೊಳ್ಳಿ. ಗುರುತು ಹಲ್ಲಿನ ನಡುಭಾಗದಲ್ಲಿರಬೇಕು. ಬುಡಕ್ಕೆ ಇಳಿದಿದ್ದರೆ ಪಿನಿಯನ್ ಜಾಸ್ತಿ ಒಳಗೆ ಹೋಗಿದೆ, ತುದಿಗೆ ಏರಿದ್ದರೆ ಸಾಲದಷ್ಟು ಒಳಗಿದೆ. ಎರಡಕ್ಕೂ ಶಿಮ್ (ಅಂತರ ಹೊಂದಿಸುವ ತೆಳು ಬಿಲ್ಲೆ) ಬದಲಾಯಿಸಬೇಕು. ಬೇರಿಂಗ್ ಕ್ಯಾಪ್‌ಗಳನ್ನು ಬಿಚ್ಚುವ ಮೊದಲೇ ಎಡ–ಬಲ ಗುರುತು ಹಾಕಿರಬೇಕು, ಅದಲು ಬದಲಾದರೆ ಬೇರಿಂಗ್ ಸರಿಯಾಗಿ ಕೂರಲ್ಲ.

ಪಿನಿಯನ್ ಸೀಲ್ ಮಾತ್ರ ಬದಲಾಯಿಸುವ ಸಣ್ಣ ಕೆಲಸದಲ್ಲೂ ಒಂದು ಎಚ್ಚರ ಬೇಕು. ಬಿಚ್ಚುವ ಮೊದಲು ನಟ್ ಮತ್ತು ಶಾಫ್ಟ್ ಮೇಲೆ ಗುರುತು ಹಾಕಿ, ಎಷ್ಟು ಎಳೆ ಹೊರಗಿತ್ತು ಎಣಿಸಿಕೊಳ್ಳಬೇಕು. ಒಳಗೆ ನಟ್ ಬಿಗಿದಂತೆ ಕುಸಿಯುವ ಸ್ಲೀವ್ (ಕೊಳವೆ) ಇರುವ ಗಾಡಿಗಳಲ್ಲಿ ಗಾಳಿ ಗನ್‌ನಿಂದ ಮನಸ್ಸಿಗೆ ಬಂದಷ್ಟು ಬಿಗಿ ಮಾಡಿದರೆ ಬೇರಿಂಗ್ ಮೇಲೆ ಒತ್ತಡ ಹೆಚ್ಚಾಗಿ ಬಿಸಿಯಾಗುತ್ತದೆ. ಸೀಲ್ ಹಾಕಿಸಿದ ಮೇಲೆ ಹೊಸದಾಗಿ ಕೂಗು ಶುರುವಾದರೆ ಮೊದಲು ಇದನ್ನೇ ನೋಡಿಸಿ.

ತೆಗೆದ ಹಳೇ ಪಾರ್ಟ್ಸ್ ಎಲ್ಲ ವಾಪಸ್ ಕೇಳಿ. ಬೇರಿಂಗ್ ಮೈಮೇಲಿನ ಗುಳಿ, ಹಲ್ಲಿನ ಗಾಯ ನೋಡಿದರೆ ರೋಗ ಅದೇನಾ ಅನ್ನುವುದು ನಿಮ್ಮ ಕಣ್ಣಿಗೇ ಕಾಣುತ್ತದೆ.

ಹೊಸ ಕ್ರೌನ್ ಸೆಟ್ ಹಾಕಿಸಿದ ದಿನವೇ ಕಬ್ಬು, ಬೆಲ್ಲ ತುಂಬಬೇಡಿ. ಮೊದಲ ದಿನ 20–25 ಕಿ.ಮೀ. ಖಾಲಿ ಓಡಿಸಿ, ನಿಲ್ಲಿಸಿ ಪೂರ್ತಿ ತಣ್ಣಗಾಗಲು ಬಿಡಿ, ಮತ್ತೆ ಓಡಿಸಿ. ಹೊಸ ಹಲ್ಲು ಒಂದಕ್ಕೊಂದು ಹೊಂದುವಾಗ ತುಂಬಾ ಬಿಸಿಯಾಗುತ್ತವೆ, ಆಗ ಭಾರ ಬಿದ್ದರೆ ಹಲ್ಲಿನ ಮುಖದ ಹದವೇ ಕೆಡುತ್ತದೆ. ಸುಮಾರು 500 ಕಿ.ಮೀ.ವರೆಗೆ ಹಗುರ ಲೋಡ್, ಒಂದೇ ವೇಗದಲ್ಲಿ ಉದ್ದಕ್ಕೆ ಎಳೆಯದೆ ಏರಿಳಿಸುತ್ತಾ ಓಡಿಸಿ. ಅದಾದ ಮೇಲೆ ಹೌಸಿಂಗ್ ಆಯಿಲ್ ಇಳಿಸಿ ಹೊಸದು ತುಂಬಿಸಿ, ಮ್ಯಾಗ್ನೆಟ್ ಒರೆಸಿ, ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟ್‌ಗಳ ಬಿಗಿ ಇನ್ನೊಮ್ಮೆ ನೋಡಿಸಿ.